ಮುಚ್ಚಿದ ಅಂಗಡಿಯ ಕಾಯಂ ಗಿರಾಕಿ

ಬಾಗಿಲು ಹಾಕಿ ತಿಂಗಳುಗಳೇ ಆದ ಅಂಗಡಿಗೆ ದಿನಾ ಬೆಳಿಗ್ಗೆ ಚೀಟಿ ಹಿಡಿದು ಸಾಮಾನು ತರಲು ಹೋಗುವ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಎನ್.ಆರ್. ಕಾಲೋನಿಗೆ ಬನ್ನಿ, ತೋರಿಸುತ್ತೇನೆ. ತಲೆಕೆಟ್ಟವರಲ್ಲ ಮತ್ತೆ! ಸರ್ಕಾರಿ ಪಿಂಚಣಿ ಬರುತ್ತದೆ, ಹಲ್ಲುಗಳು ಸ್ವಂತದವು, ಜ್ಞಾಪಕಶಕ್ತಿಯಂತೂ ನಮಗೆ ಬೇಡವೆನಿಸುವಷ್ಟು ಚೆನ್ನಾಗಿದೆ. ಅವರು ನನ್ನ ಸೋದರಮಾವ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಹೇಳುವ ಮುಂಚೆ ಒಮ್ಮೆ ಅಕ್ಕಪಕ್ಕ ನೋಡಿಕೊಳ್ಳುತ್ತೇನೆ, ಅಷ್ಟೇ.

ಅಂಗಡಿ ಎಂದರೆ ಅದೇನು ಸಾಮಾನ್ಯ ಅಂಗಡಿಯೇ? ಹಳೆಯ ಛತ್ರ ಕೆಡವಿ ಕಟ್ಟಿದ್ದು. ಒಳಗೆ ಏಕಕಾಲಕ್ಕೆ ಎರಡು ಮದುವೆ ಮಾಡಿದರೂ ಒಂದರ ವಾಲಗ ಇನ್ನೊಂದಕ್ಕೆ ಕೇಳಿಸುತ್ತಿರಲಿಲ್ಲ. ಅದು ಬಂದ ಎರಡೇ ವರ್ಷಕ್ಕೆ ನಮ್ಮ ಬೀದಿಯ ಶೆಟ್ಟರ ದಿನಸಿ ಅಂಗಡಿ ಮುಚ್ಚಿತು. ಶೆಟ್ಟರಲ್ಲಿ ತಕ್ಕಡಿ ಹಿಡಿಯುತ್ತಿದ್ದ ಕೆಂಪಣ್ಣ ಅಲ್ಲಿಗೇ ಹೋಗಿ, ಯೂನಿಫಾರ್ಮ್ ತೊಟ್ಟು ಬೇಳೆ ಪ್ಯಾಕೆಟ್ ಜೋಡಿಸತೊಡಗಿದ. ಮಾವನಿಗೆ ಕೆಂಡದಂಥ ಕೋಪ. "ನಾನೇನಾದ್ರೂ ಆ ಅಂಗಡಿ ಮೆಟ್ಟಿಲು ತುಳಿದ್ರೆ ನನ್ನ ಹೆಸರು ಬದಲಾಯಿಸ್ರೋ!" ಎಂದು ಬೀದಿಗೆಲ್ಲ ಕೇಳುವಂತೆ ಸಾರಿದರು. ಮೂರು ತಿಂಗಳ ಮೇಲೆ ನಾನು ಅವರನ್ನು ಅಲ್ಲೇ, ಸೋಪಿನ ಸಾಲಿನಲ್ಲಿ ಹಿಡಿದೆ.

"ಏನ್ ಮಾವ, ಹೊಸ ಹೆಸರು ಏನಿಡೋಣ?"

"ಮೆಟ್ಟಿಲು ಯಾರೋ ತುಳಿದ್ರು? ಪಕ್ಕದಲ್ಲಿ ಇಳಿಜಾರು ಮಾಡಿದಾರೆ, ಅದರಲ್ಲಿ ಬಂದೆ!"

ಅಸಲು ಕಾರಣ ಅತ್ತೆಯ ಮಂಡಿ. ಆಪರೇಷನ್ ಆಗಿತ್ತು. ದಿನಾ ಅರ್ಧ ಗಂಟೆ ನಡೆಯಲೇಬೇಕು, ಇಲ್ಲದಿದ್ದರೆ ಮಂಡಿ ಬಿಗಿದುಕೊಂಡು ಕುರ್ಚಿಯೇ ಗತಿ ಎಂದು ಡಾಕ್ಟರು ಹೆದರಿಸಿದ್ದರು. ಅತ್ತೆ ಕೇಳಬೇಕಲ್ಲ! "ಕೆಲಸ ಇಲ್ದೆ ಬೀದಿ ಸುತ್ತೋಕೆ ನಾನೇನು ಬಿಟ್ಟಿ ಬಿದ್ದಿದೀನಾ?" ಎಂದರು. ಕೋಲು ತಂದುಕೊಟ್ಟರೆ ಅದರಲ್ಲಿ ಅಟ್ಟದ ಜೇಡರಬಲೆ ತೆಗೆದರು. ಫುಟ್‌ಪಾತಿನ ಮೇಲೆ ನಡೆಸಲು ಮಾವನೇ ಒಪ್ಪಲಿಲ್ಲ. ಅವರು ರಸ್ತೆ ಕೆಲಸದ ಮೇಸ್ತ್ರಿಗಳ ಮೇಲೆ ಮೇಲ್ವಿಚಾರಕರಾಗಿ ನಿವೃತ್ತರಾದವರು. "ಈ ಕಡೆ ಫುಟ್‌ಪಾತೆಲ್ಲ ನಾನೇ ನಿಂತು ಹಾಕ್ಸಿದ್ದು ಕಣೋ. ಅದಕ್ಕೇ ಹೇಳ್ತಿದೀನಿ, ಅದರ ಮೇಲೆ ನಡೀಬಾರ್ದು!"

ಆ ದೊಡ್ಡ ಅಂಗಡಿಯ ನೆಲವೋ, ಕನ್ನಡಿ. ಮೇಲಾಗಿ ಅಲ್ಲಿ ಟ್ರಾಲಿ ಇತ್ತು. ಟ್ರಾಲಿ ಹಿಡಿದು ನಡೆದರೆ ಯಾರೂ ಮುದುಕಿ ಎನ್ನುವುದಿಲ್ಲ, ಗಿರಾಕಿ ಎನ್ನುತ್ತಾರೆ. ಸಾಮಾನು ತರುವುದೆಂದರೆ ಅತ್ತೆಗೆ ಅದು ಕೆಲಸ, ಸುತ್ತಾಟವಲ್ಲ. ಹೀಗೆ ದಿನಾ ಸವಾರಿ ಹೊರಟಿತು. ಚೀಟಿ ಹಿಡಿದ ಮಾವ ಹತ್ತು ಹೆಜ್ಜೆ ಮುಂದೆ, ಟ್ರಾಲಿ ಹಿಡಿದ ಅತ್ತೆ ಹತ್ತು ಹೆಜ್ಜೆ ಹಿಂದೆ. ಮದುವೆಯಾದ ಮರುದಿನದಿಂದಲೂ ಇವರದು ಹೀಗೇ. ಒಮ್ಮೆ ಗಾಂಧಿ ಬಜಾರಿನಲ್ಲಿ ಅತ್ತೆ ಹೂವು ಕೊಳ್ಳಲು ನಿಂತದ್ದು ತಿಳಿಯದೆ ಮಾವ ಒಬ್ಬರೇ ಮನೆ ತಲುಪಿ, "ಬಾಗಿಲು ತೆಗಿಯೇ" ಎಂದು ಕೂಗಿ, ಬೀಗ ನೋಡಿ ಗಾಬರಿಯಾಗಿದ್ದರಂತೆ!

ಇನ್ನು ಆ ಚೀಟಿ. ಮೊದಲ ಸಾಲು ಅರಿಶಿನ. ಶುಭಕ್ಕೆ ಮೊದಲು ಅದನ್ನೇ ಬರೆಯಬೇಕೆಂದು ಅತ್ತೆಯ ಕಟ್ಟಪ್ಪಣೆ. ಅರಿಶಿನವಿಲ್ಲದ ಚೀಟಿಯನ್ನು ಅವರು ಕೈಯಲ್ಲೂ ಮುಟ್ಟುವುದಿಲ್ಲ. ದಿನಾ ಚೀಟಿ, ದಿನಾ ಅರಿಶಿನ! ಅವರ ಮನೆಯಲ್ಲಿರುವ ಅರಿಶಿನದಲ್ಲಿ ಇಡೀ ಬಸವನಗುಡಿಯ ಹೊಸ್ತಿಲಿಗೆ ಬಳಿಯಬಹುದಿತ್ತು. ಅದಿರಲಿ, ಮುಂದಿನ ಸಾಲುಗಳಿಗೆ ತಲೆಬುಡವಿರಲಿಲ್ಲ. ಅರಿಶಿನದ ನಂತರ ಬಟ್ಟೆ ಸೋಪು, ಅದು ಆ ತುದಿ. ಆಮೇಲೆ ಸಾಸಿವೆ, ಈ ತುದಿ. ಆಮೇಲೆ ಪೊರಕೆ, ಮತ್ತೆ ಆ ತುದಿ. ಆಮೇಲೆ ಜೀರಿಗೆ, ಮತ್ತೆ ಈ ತುದಿ!

"ಮಾವ, ಸಾಸಿವೆ ಪಕ್ಕದಲ್ಲೇ ಜೀರಿಗೆ ಇದೆಯಲ್ಲ, ಎರಡನ್ನೂ ಒಟ್ಟಿಗೆ ಬರೀಬಾರ್ದಾ?" ಎಂದು ಒಮ್ಮೆ ಬುದ್ಧಿವಂತಿಕೆ ತೋರಿಸಿದೆ. ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ವಯಸ್ಸಾಯಿತು, ಪಾಪ ಎಂದುಕೊಂಡೆ.

ಒಂದು ದಿನ ಆ ಅಂಗಡಿಯೂ ಮುಚ್ಚಿತು. ಟ್ರಾಲಿಗಳೆಲ್ಲ ಲಾರಿ ಹತ್ತಿದವು. ಗೇಟಿನ ಬಳಿ ಹೂವು ಮಾರುತ್ತಿದ್ದಾಕೆ ಬೇರೆ ಕಡೆ ಹೋದಳು, ಆಟೋ ಸ್ಟ್ಯಾಂಡ್ ಖಾಲಿಯಾಯಿತು. ಚಿಕ್ಕ ಅಂಗಡಿಯನ್ನು ದೊಡ್ಡದು ಓಡಿಸಿತ್ತು, ದೊಡ್ಡದು ತಾನೇ ಓಡಿಹೋಯಿತು, ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ನಾವು ಗಾಂಧಿ ಬಜಾರಿಗೆ ಹೋಗಬೇಕಾಯಿತು. ಅತ್ತೆ ಕುರ್ಚಿಯಲ್ಲಿ ಕೂತರು. ಕೂತೇ ಬಿಟ್ಟರು. ಎರಡು ತಿಂಗಳಲ್ಲಿ ದೇವರ ಕೋಣೆಗೆ ಹೋಗಲೂ ಗೋಡೆ ಹಿಡಿಯುವಂತಾಯಿತು. ಪಾರ್ಕಿಗೆ ಕರೆದರೆ, "ಅಲ್ಲಿ ಏನು ಸಿಗುತ್ತೆ ಅಂತ ಹೋಗ್ಲಿ?" ಎಂದರು. ಮಾವ ಹಟಹಿಡಿದು ಕಲಾಸಿಪಾಳ್ಯದ ತರಕಾರಿ ಮಾರುಕಟ್ಟೆಗೆ ಕರೆದೊಯ್ದರು. ಅಲ್ಲಿ ಅತ್ತೆ ನಡೆಯಬೇಕಾಗಿಯೇ ಬರಲಿಲ್ಲ, ಜನರೇ ಈ ಕಡೆಯಿಂದ ಆ ಕಡೆಗೆ ತಳ್ಳಿಕೊಂಡು ಹೋದರು!

ಆಮೇಲೆ ಸ್ವಲ್ಪ ದಿನಕ್ಕೇ ಕಾಲೋನಿಯಲ್ಲಿ ಸುದ್ದಿ ಹಬ್ಬಿತು. "ನಿಮ್ಮ ಮಾವ ಮುಚ್ಚಿದ ಅಂಗಡಿಗೆ ಚೀಟಿ ಹಿಡ್ಕೊಂಡು ಹೋಗ್ತಾರಂತಲ್ಲ, ಸ್ವಲ್ಪ ಯಾರಿಗಾದ್ರೂ ತೋರಿಸಿ" ಎಂದರು ನೆರೆಹೊರೆಯವರು. ನನಗೂ ದಿಗಿಲಾಯಿತು. ಕಳೆದ ಭಾನುವಾರ ಬೆಳಿಗ್ಗೆ ಹೋದೆ. ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವನು ನಮ್ಮ ಕೆಂಪಣ್ಣ! ಈಗ ಖಾಲಿ ಕಟ್ಟಡಕ್ಕೆ ಅವನೇ ಕಾವಲು.

"ಒಳಗೆ ಯಾರ್ನೂ ಬಿಡಬಾರ್ದು ಸಾರ್. ಆದ್ರೆ ಯಜಮಾನ್ರು ಅಮ್ಮಾವ್ರನ್ನ ಆಟೋದಲ್ಲಿ ಕೂರಿಸ್ಕೊಂಡು ಬಂದು ಗೇಟಿನ ಸಂದಿಯಿಂದ ಚೀಟಿ ಕೊಟ್ರು. ಓದಿದ್ರೆ ಮೊದಲ್ನೇದೇ ಅರಿಶಿನ. ಇಪ್ಪತ್ತು ವರ್ಷ ಶೆಟ್ಟರ ಅಂಗಡೀಲಿ ಆ ಚೀಟಿ ನೋಡಿ ತೂಕ ಹಾಕ್ದೋನು ನಾನು. ಅಮ್ಮಾವ್ರ ಚೀಟೀನ ಹೆಂಗ್ ಸಾರ್ ವಾಪಸ್ ಕೊಡ್ಲಿ?" ಎಂದ. ಎದ್ದು ಶಟರ್ ಮೇಲೆತ್ತಿದ. "ಎಷ್ಟ್ ದಿನ ನಡೆಯುತ್ತೋ ಗೊತ್ತಿಲ್ಲ. ಯಾರಾದ್ರೂ ಕೊಂಡ್ಕೊಂಡ್ರೆ ಬೀಗ ಅವರ್ದು."

ಒಳಗೆ ಕಪಾಟುಗಳಿಲ್ಲ, ದೀಪಗಳಿಲ್ಲ. ಸೂರಿನಿಂದ ಸಾಮಾನುಗಳ ಹೆಸರಿನ ಬೋರ್ಡುಗಳು ಮಾತ್ರ ಇನ್ನೂ ತೂಗಾಡುತ್ತಿದ್ದವು. ಅವುಗಳ ಕೆಳಗೆ, ಧೂಳಿನ ನೆಲದ ಮೇಲೆ ಮಾವ ಮತ್ತು ಅತ್ತೆ ನಡೆಯುತ್ತಿದ್ದರು. ಟ್ರಾಲಿ ಇರಲಿಲ್ಲ. ಅತ್ತೆಯ ಕೈ ಮಾವನ ಹೆಗಲ ಮೇಲಿತ್ತು. ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ ಆ ಮನುಷ್ಯ, ಹೆಗಲು ಬಗ್ಗಿಸಿ, ಅತ್ತೆಯ ಒಂದೊಂದು ಹೆಜ್ಜೆಗೂ ತಮ್ಮದೊಂದು ಹೆಜ್ಜೆ ಇಡುತ್ತಿದ್ದರು.

"ಅರಿಶಿನ ಆಯ್ತು. ಮುಂದೆ ಬಟ್ಟೆ ಸೋಪು, ಬಾ."

ಆ ತುದಿಗೆ ಹೋದರು.

"ಸಾಸಿವೆ."

ಈ ತುದಿಗೆ ಬಂದರು. ಆ ಚೀಟಿ ನನಗೆ ಅರ್ಥವಾದದ್ದು ಆಗ. ಅದಕ್ಕೆ ತಲೆಬುಡವಿಲ್ಲ ಎಂದುಕೊಂಡಿದ್ದೆನಲ್ಲ! ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಮಾವ ಕೆಂಪಣ್ಣನನ್ನು ಮಾತನಾಡಿಸಲು ಗೇಟಿನತ್ತ ಹೋದಾಗ ಅತ್ತೆ ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ಸಾಸಿವೆ ಪಕ್ಕದಲ್ಲೇ ಜೀರಿಗೆ ಇತ್ತು ಅಂತ ನಂಗೆ ಗೊತ್ತಿಲ್ವೇನೋ? ಮೊದಲ್ನೇ ದಿನಾನೇ ಗೊತ್ತಾಯ್ತು. ದಿನಾ ಊಟ ಆದ್ಮೇಲೆ ಕೂತ್ಕೊಂಡು, ಯೋಚ್ನೆ ಮಾಡಿ ಮಾಡಿ ಬರೀತಾರೆ. ನೀನು ಬಾಯ್ಬಿಡಬೇಡ."

ನಂತರ ಗೇಟಿನ ಕಡೆ ತಿರುಗಿ ಜೋರಾಗಿ ಕೂಗಿದರು: "ರೀ, ನಾಳೆ ಚೀಟಿ ಇನ್ನೊಂಚೂರು ಉದ್ದ ಬರೀರಿ!"

"ಯಾಕೇ? ಮನೇಲಿ ಏನು ತೀರಿದೆ?"

"ಏನೂ ತೀರಿಲ್ಲ. ನೀವು ಬರೀರಿ."