ಮುಕ್ಕಾಲು ಗಂಟೆಯ ಸಮಾನತೆ ಕುರಿತು ಒಂಟಿಸಲಗಕ್ಕೆ ದೂರು

ಚೆಟ್ಟಳ್ಳಿ ಸುತ್ತಿನ ತೋಟಗಳಲ್ಲಿ ಬೇಲಿ ಲೆಕ್ಕಿಸದೆ ಸಂಚರಿಸುವ ಒಂಟಿಸಲಗದವರ ಸನ್ನಿಧಿಗೆ,

ಮಾನ್ಯರೇ,

ಬೆಳೆಗಾರರ ಸಂಘದ ಟೈಪಿಸ್ಟ್ ಸುಮಿತಾ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದೂ ನಮ್ಮ ಅಂಗಳದ ಹಲಸು ತಮಗೆ ಜೀರ್ಣವಾಗಿದೆಯೆಂದೂ ನಂಬಿದ್ದೇನೆ. ಆದರೂ ಕಳೆದ ಸೋಮವಾರ ತಾವು ಮಾಡಿದ ಅನ್ಯಾಯವನ್ನು ತಮ್ಮ ಗಮನಕ್ಕೆ ತರದೆ ವಿಧಿಯಿಲ್ಲ.

ಅಂದು ಸಂಘದಲ್ಲಿ 'ನಮ್ಮಲ್ಲಿ ತಾರತಮ್ಯವಿಲ್ಲ' ಎಂಬ ಪ್ರಕಟಣೆಯ ಕರಡು ಸಿದ್ಧವಾಗುತ್ತಿತ್ತು. ವಿದೇಶದ ಕಾಫಿ ಖರೀದಿದಾರರು ಅದನ್ನು ಗೋಡೆಯ ಮೇಲೆ ನೋಡಬೇಕೆಂದಿದ್ದರು. ಏಳು ಸಲ ಟೈಪ್ ಮಾಡಿದೆ. 'ಜಾತಿ' ಎಂದು ಬರೆದರೆ ಅದು ಇಲ್ಲಿದೆಯೆಂದು ಅವರಿಗೆ ಗೊತ್ತಾಗುತ್ತದೆಂದು ಅಧ್ಯಕ್ಷ ಸಾಂತಪ್ಪನವರು ಆ ಪದವನ್ನೇ ತೆಗೆಸಿದರು. ಕೊನೆಗೆ 'ಸಂಘದ ಪದ್ಧತಿಗೆ ಒಳಪಟ್ಟು ಎಲ್ಲರೂ ಸಮಾನರು' ಎಂಬಲ್ಲಿಗೆ ಬಂದು ನಿಂತೆವು. ಪದ್ಧತಿಯೆಂದರೆ, ಇಪ್ಪತ್ತು ವರ್ಷದಿಂದ ಸಭಾಂಗಣ ಗುಡಿಸುವ ಲಿಂಗಿ, ಗುಡಿಸಿ ಮುಗಿಸಿದ ಮೇಲೆ ಮೆಟ್ಟಿಲ ಕೆಳಗೆ ನಿಂತು, ಹೊರಗಿನ ಕಿಟಕಿಯಲ್ಲಿ ಬೇರೆಯಾಗಿಟ್ಟ ಲೋಟದಲ್ಲಿ ಕಾಫಿ ಕುಡಿಯುವುದು.

ಅಷ್ಟರಲ್ಲಿ ತಾವು ಗೇಟು ತಳ್ಳಿಕೊಂಡು ದಯಮಾಡಿಸಿದಿರಿ. ಸಾಂತಪ್ಪನವರೇ ಲಿಂಗಿಯ ಕೈ ಹಿಡಿದು ಒಳಗೆಳೆದು, ಬಾಗಿಲು ಹಾಕಿ, ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಅವಳಿಗೆ ಸ್ವಂತ ಲೋಟದಲ್ಲೇ ಕಾಫಿ ಕೊಟ್ಟರು. ಏಳು ಕರಡುಗಳಿಂದ ಆಗದ್ದು ತಾವು ಹಲಸು ತಿನ್ನುವ ಮುಕ್ಕಾಲು ಗಂಟೆ ಜಾರಿಯಲ್ಲಿತ್ತು. ಲಿಂಗಿ ನನ್ನ ಕಿವಿಯಲ್ಲಿ ಕೇಳಿದಳು: "ಆನೆ ಹೋದ್ಮೇಲೂ ಇಲ್ಲೇ ಕೂತಿರ್ಬೋದಾ ಅಕ್ಕಾ?"

ನಾನು ಉತ್ತರಿಸುವ ಮೊದಲೇ ತಾವು ಹೊರಟುಬಿಟ್ಟಿರಿ. ಇದೇ ನನ್ನ ದೂರು. ಬಾಗಿಲು ತೆರೆದದ್ದೇ ಎಲ್ಲರಿಗೂ ಪದ್ಧತಿ ನೆನಪಾಯಿತು. ಅವಳು ಕೂತ ಕುರ್ಚಿಯನ್ನು ಅವಳಿಂದಲೇ ತೊಳೆಸಿದರು. ನಾನು ತಲೆಯೆತ್ತದೆ ಎಂಟನೆಯ ಕರಡು ಟೈಪ್ ಮಾಡುತ್ತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆದ್ದರಿಂದ, ಮಾಲೀಕ, ತೋಟದ ಲೆಕ್ಕ ಬರೆಯುವ ರೈಟರ್, ಕೂಲಿ ಎನ್ನದೆ ಸರ್ವರನ್ನೂ ಒಂದೇ ವೇಗದಲ್ಲಿ ಅಟ್ಟಿಸಿಕೊಂಡು ಹೋಗುವ ತಾವು ಸಂಘದ ಅಧ್ಯಕ್ಷ ಸ್ಥಾನವನ್ನು ಒಪ್ಪಿಕೊಳ್ಳಬೇಕು. ಅದಾಗದಿದ್ದರೆ ದಿನವೂ ಕಚೇರಿ ವೇಳೆಯಲ್ಲಿ ನಮ್ಮ ಅಂಗಳದಲ್ಲೇ ನಿಂತಿರಬೇಕು. ಭಾನುವಾರ ತಮಗೆ ರಜೆ. ಹಲಸು ಮುಗಿದರೆ ಬಾಳೆಯ ಏರ್ಪಾಡು ನನ್ನದು.

ತಮ್ಮ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟಿರುವ,
ತಮ್ಮ ವಿಶ್ವಾಸಿ
ಸುಮಿತಾ

ವಿ.ಸೂ.: ತಾವು ಮತ್ತೆ ಒಳಬರದಂತೆ ದಿನವೂ ಗೇಟಿಗೆ ಬೀಗ ಹಾಕಬೇಕೆಂದು ಅಧ್ಯಕ್ಷರ ಆಜ್ಞೆಯಾಗಿದೆ. ಆ ಕೆಲಸ ಲಿಂಗಿಯದು. ಅವಳು ದಿನವೂ ಮರೆಯುತ್ತಿದ್ದಾಳೆ, ನಾನೂ ನೆನಪಿಸುತ್ತಿಲ್ಲ.