ಎರಡನೇ ವರಸೆ

ತೊಂದರೆ ಶುರುವಾದದ್ದು ಅತ್ತೆಯ ಮಂಡಿನೋವಿನಿಂದ. ಡಾಕ್ಟರು ವ್ಯಾಯಾಮ ಮಾಡಿ ಎಂದರು, ಅತ್ತೆ ಹೋಗಿ ಕರಾಟೆ ಶಾಲೆ ಸೇರಿದರು. ಆಮೇಲೆ ಬೀಗ ರಿಪೇರಿ ಅಂಗಡಿ ಇಟ್ಟಿದ್ದ ಅಳಿಯನೂ ಹೊಟ್ಟೆ ಕರಗಿಸಲು ಅಲ್ಲಿಗೇ ಹೋಗಿ ಸಿಕ್ಕಿಬಿದ್ದ. ಅಲ್ಲಿ ಹೆಚ್ಚು ವರಸೆ ಕಲಿತವರಿಗೆ ಮುಂದಿನ ಸಾಲು. ಹಿಂದಿನವರು ಅವರಿಗೆ ಸೊಂಟ ಬಗ್ಗಿಸಿ ವಂದಿಸಬೇಕು. ಮನೆಯಲ್ಲಿ ಅತ್ತೆಗೆ ತಲೆಬಾಗಿದ್ದು ಸಾಲದೆ ಇಲ್ಲಿ ಸೊಂಟವನ್ನೂ ಬಗ್ಗಿಸುವ ಗ್ರಹಚಾರ!

ಇವತ್ತು ಸಂಜೆ ಪರೀಕ್ಷೆ. ಮೂರನೇ ವರಸೆ ತೋರಿಸಿದರೆ ಅತ್ತೆಯ ಸಾಲಿಗೇ ಬಡ್ತಿ, ಬಗ್ಗುವ ಕಾಟವಿಲ್ಲ. ಆದರೆ ಅವನಿಗೆ ಬರುತ್ತಿದ್ದದ್ದು ಮೊದಲನೆಯದೊಂದೇ, ಹಿಂದೆ ಸರಿದು ಏಟು ತಪ್ಪಿಸಿಕೊಳ್ಳುವುದು.

“ಎರಡನೇದು ಬಿಟ್ಹಾಕಿ,” ಎಂದ ಪಕ್ಕದ ಫೋಟೋ ಸ್ಟುಡಿಯೋದವನು. ಅವನು ಕರಾಟೆ ಬಿಟ್ಟಿದ್ದರೂ ಸಲಹೆ ಕೊಡುವುದನ್ನು ಬಿಟ್ಟಿರಲಿಲ್ಲ. “ಅದರಲ್ಲೇನಿದೆ? ನಿಲ್ಲೋದು. ನಿಲ್ಲೋಕೂ ಯಾರಾದ್ರೂ ಕಲೀತಾರಾ? ಮೂರನೇದ್ರಲ್ಲಿ ನುಗ್ಗೋದಿದೆ. ನಾನು ಹೇಳಿಕೊಡ್ತೀನಿ. ಗುರುಗಳು ಕೇಳಿದ್ರೆ, ಎರಡನೇದು ಅತ್ತೆ ಮನೇಲೇ ಹೇಳಿಕೊಟ್ರು ಅನ್ನಿ.”

ಅಂಗಡಿ ಬಾಗಿಲು ಹಾಕಿ ಇಬ್ಬರೂ ಶುರುಮಾಡಿದರು. ಮೊದಲ ಸಲ ನುಗ್ಗಿದಾಗಲೇ ಕೀಲಿಕೈಗಳ ಹಲಗೆ ಉರುಳಿ, ಊರಿನವರ ಕೀಲಿಗಳೆಲ್ಲ ಕಲಸಿಹೋದವು. ಹೊರಗೆ ಗಿರಾಕಿಗಳು ಬಾಗಿಲು ಬಡಿಯುತ್ತಿದ್ದರು. ಅಷ್ಟರಲ್ಲಿ ಹೆಂಡತಿಯ ಫೋನು.

“ರೀ, ಅಮ್ಮ ಬೆಳಿಗ್ಗೆಯಿಂದ ಒಬ್ಬರೇ ನಗ್ತಿದ್ದಾರೆ. ಯಾಕೋ ಹುಷಾರಾಗಿರಿ.”



ಸಂಜೆ ಗುರುಗಳು ಕೇಳಿಯೇ ಬಿಟ್ಟರು. “ಎರಡನೇದು ಯಾರು ಹೇಳಿಕೊಟ್ಟಿದ್ದು?”

“ಅ... ಅತ್ತೆ. ಮನೇಲಿ.”

“ಹೌದೇನಮ್ಮ?”

ಇಡೀ ಹಾಲ್ ಅತ್ತೆಯತ್ತ ತಿರುಗಿತು.

“ಹೌದು ಗುರುಗಳೇ,” ಎಂದರು ಅತ್ತೆ ಮೆಲ್ಲಗೆ. “ಮೂರನೇದಕ್ಕೆ ನಾನೇ ಎದುರು ನಿಲ್ತೀನಿ. ನುಗ್ಗಲಿ.”

ಬದುಕಿದೆಯಾ ಬಡಜೀವವೇ ಎಂದು ಅವನು ನುಗ್ಗಿದ. ನುಗ್ಗಿದವನು ಎದುರಾಳಿಯ ಮುಂದೆ ಗೇಣು ದೂರದಲ್ಲಿ ನಿಲ್ಲಬೇಕು. ನಿಲ್ಲಲೂ ಕಲಿಯಬೇಕೆಂಬುದು ಅವನಿಗೆ ಹೊಳೆದದ್ದು ಆಗಲೇ. ಕಾಲುಗಳು ಬ್ರೇಕಿಲ್ಲದ ಸೈಕಲ್ಲಿನಂತೆ ಓಡಿದವು. ಅತ್ತೆ ಒಂದು ಪಾದ ಸರಿಸಿ, ಅವನ ಭುಜಕ್ಕೊಂದು ಅಂಗೈ ಇಟ್ಟರು. ಮರುಕ್ಷಣ ಅವನಿಗೆ ಕಂಡದ್ದು ಚಾವಣಿಯ ಫ್ಯಾನು.

“ನೋಡಿದ್ರಾ?” ಎಂದರು ಗುರುಗಳು ಎಲ್ಲರಿಗೂ. “ಮೊದಲು ಸರಿಯೋದು, ಆಮೇಲೆ ನಿಲ್ಲೋದು, ಕೊನೆಗೆ ನುಗ್ಗೋದು ಅಂತ ಯಾಕೆ ಕಲಿಸ್ತೀವಿ ಅಂತ!” ಎನ್ನುತ್ತಲೇ ಅತ್ತೆಯ ಸೊಂಟಕ್ಕೆ ಶಿಕ್ಷಕರ ಕಪ್ಪು ಪಟ್ಟಿ ಕಟ್ಟಿದರು. ಶಿಕ್ಷಕಿಯಾಗಲು ಅವರು ನಿಜವಾಗಿ ನುಗ್ಗುವವನೊಬ್ಬನನ್ನು ಕೆಡವಬೇಕಿತ್ತು. ಹಿರಿಯರೆಂದು ಎಲ್ಲರೂ ಗೇಣು ದೂರದಲ್ಲೇ ನಿಂತುಬಿಡುತ್ತಿದ್ದರು. ನಿಲ್ಲಲು ಬಾರದವನೊಬ್ಬ ಬೇಕಾಗಿದ್ದ.

ಫೋಟೋ ತೆಗೆಯಲು ಬಂದ ಸ್ಟುಡಿಯೋದವನು ಅತ್ತೆಗೆ ಕೈಮುಗಿದ. “ನೀವು ಹೇಳಿದ ಹಾಗೇ ಹೇಳಿಕೊಟ್ಟೆ ಅಮ್ಮ.”

“ಏಳಿ ಅಳಿಯಂದ್ರೇ,” ಎಂದರು ಅತ್ತೆ. “ಎರಡನೇದು ಮನೇಲೇ ಹೇಳಿಕೊಟ್ಟೆ ಅಂತ ಗುರುಗಳಿಗೆ ಹೇಳಾಗಿದೆ. ಸುಳ್ಳಾಗಬಾರದಲ್ಲ? ನಾಳೆಯಿಂದ ದಿನಾ ಬೆಳಿಗ್ಗೆ ಶುರು. ಈಗ ನಿಮ್ಮ ಟೀಚರ್‌ಗೆ ಬಗ್ಗಿ.”

ಹಿಡಿದುಕೊಂಡಿದ್ದ ಸೊಂಟವನ್ನು ಅವನು ಹಾಗೆಯೇ ಬಗ್ಗಿಸಿದ. ಫೋಟೋ ಚೆನ್ನಾಗಿ ಬಂತು.