ಪುಕ್ಕಟ ರಾಯಚೂರು

ಕನಕಪ್ಪನ ಎರಡನೇ ಮಗ ಕೇಳಿದ್ದು ಒಂದೇ ಒಂದು ಪ್ರಶ್ನೆ. ಮನೆ ಮಾಲೀಕ ವಿರೂಪಣ್ಣನ ಮಗಳನ್ನು ನೋಡಲು ಸಿರವಾರದಿಂದ ಗಂಡಿನವರು ಬಂದಿದ್ದರು. ಹುಡುಗ ನೆಟ್ಟಗೆ ಒಳಗೆ ಹೋಗಿ, ಜರಿ ರುಮಾಲು ಸುತ್ತಿಕೊಂಡು ಕೂತಿದ್ದ ವರನನ್ನೇ ಕರೆದು, "ತಾತಾ, ಮದುವಿ ಗಂಡು ಎಲ್ಲ್ಯದಾನ?" ಅಂದ. ವರ ಎದ್ದ, ವರನ ಹಿಂದೆ ಹದಿನಾಲ್ಕು ಜನ ಎದ್ದರು. ಚಹಾ ಬಸಿಗಳಲ್ಲೇ ಆರಿತು.

ಅಂದಿನಿಂದ ವಿರೂಪಣ್ಣನಿಗೆ ಕನಕಪ್ಪನ ಮಕ್ಕಳೆಂದರೆ ಕಣ್ಣಿಗೆ ಖಾರ ಹಾಕಿದ ಹಾಗೆ. ಮನುಷ್ಯ ಕಂಬಳಿ ವ್ಯಾಪಾರಿ, ಮೈಯೂ ಮಾತೂ ಎರಡೂ ಒರಟು. ಇರುವುದು ಒಬ್ಬಳೇ ಮಗಳು. ಅದು ಎಪ್ಪತ್ತೆಂಟರ ಮೇ ತಿಂಗಳು, ಸಾಲಿಗೆ ಸೂಟಿ ಬೇರೆ. ಕನಕಪ್ಪನವು ಮೂರು, ಹೆಂಡತಿ ಕರೆಮ್ಮನ ಅಣ್ಣ ದೇವದುರ್ಗದಿಂದ ತಂದು ಬಿಟ್ಟುಹೋದವು ಎರಡು, ಒಟ್ಟು ಐದು ಮಕ್ಕಳು ಎರಡು ಖೋಲಿಯಲ್ಲಿ. "ಬ್ಯಾಸರ ಆಗೇದ" ಅನ್ನುವುದೊಂದೇ ಅವುಗಳ ಜಪ. ಬೇಸರ ಕಳೆಯಲು ಅವು ಏನು ಮಾಡುತ್ತಿದ್ದವೋ ಅದನ್ನು ಓಣಿಯವರು ಇಲ್ಲಿ ಬರೆಯುವಂಥ ಮಾತುಗಳಲ್ಲಿ ಹೇಳುತ್ತಿರಲಿಲ್ಲ.

ಶನಿವಾರ ಸಂಜೆ ವಿರೂಪಣ್ಣ ಬಾಗಿಲಿಗೆ ಬಂದು ನಿಂತ. "ನಾಳಿ ಹತ್ತಕ್ಕ ಮತ್ತೊಂದು ಕಡಿಯವರು ಹುಡುಗಿ ನೋಡಾಕ ಬರಾಕತ್ಯಾರ. ನಿನ್ನ ದಂಡಿನಾಗ ಒಂದು ಹುಳ ಅವರ ಕಣ್ಣಿಗೆ ಬಿತ್ತೋ, ಸೋಮವಾರ ಮನಿ ಖಾಲಿ ಮಾಡಬೇಕು. ದೀಪ ಹಚ್ಚೂತನ ಈ ಓಣ್ಯಾಗ ಅವು ಕಾಲಿಡಬಾರದು."

ಐದು ಮಕ್ಕಳ ದಂಡನ್ನು ನೋಡಿಯೂ ರಾಯಚೂರಿನಲ್ಲಿ ಬಾಡಿಗೆಗೆ ಮನೆ ಕೊಡುವ ಪುಣ್ಯಾತ್ಮ ಇನ್ನೂ ಹುಟ್ಟಿರಲಿಲ್ಲ. ಕರೆಮ್ಮನನ್ನು ಹೋಳಿಗೆ ಮಾಡಲು ವಿರೂಪಣ್ಣನ ಹೆಂಡತಿ ಆಗಲೇ ಹಿಡಿದಿಟ್ಟುಕೊಂಡಿದ್ದಳು. ಅಂದಮೇಲೆ ದಂಡಿಗೆ ಕನಕಪ್ಪನೇ ದಂಡನಾಯಕ. ತಿಂಗಳ ಕೊನೆ, ಜೇಬಿನಲ್ಲಿ ಬೀಡಿ ಬಿಟ್ಟರೆ ಬೆಂಕಿಪೆಟ್ಟಿಗೆ. ಪಕ್ಕದ ಮನೆಯ ಮುನವ್ವರ್ ಬೀ ಗೋಡೆ ಮೇಲಿಂದ ಧೈರ್ಯ ಹೇಳಿದಳು. ಈ ಊರಲ್ಲಿ ದುಡ್ಡು ಕೊಟ್ಟು ನೋಡುವಂಥದ್ದೇ ಇಲ್ಲವಂತೆ, ಟೇಶನ್ನು, ಕೋಟೆ, ಮಾವಿನ ಮಂಡಿ ಎಲ್ಲಾ ಪುಕ್ಕಟವೇ ಅಂತೆ. ಸಿನಿಮಾ ಕೂಡ ಪುಕ್ಕಟ, ಆದರೆ ಕಿವಿಗಷ್ಟೇ. ಟಾಕೀಸಿನ ಹಿಂದಿನ ಗಲ್ಲಿಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತರೆ ಆಯಿತು. ಆಕೆಯ ಮಕ್ಕಳೆಲ್ಲ ಹಾಗೆಯೇ ಬೆಳೆದವಂತೆ.

ಭಾನುವಾರ ಬೆಳಕು ಹರಿಯುತ್ತಲೇ ದಂಡು ಹೊರಟಿತು. ಮೊದಲು ಟೇಶನ್ನು. ಗೂಡ್ಸ್ ಶೆಡ್ಡಿನ ಕಡೆಯ ಮುರುಕು ಬೇಲಿಯಿಂದ ಒಳಗೆ ನುಗ್ಗಿ, ಒಂದು ಮೇಲ್ ಗಾಡಿ, ಒಂದು ಪ್ಯಾಸೆಂಜರ್ ನೋಡುವಷ್ಟರಲ್ಲಿ ಟಿಕೀಟು ಕೇಳುವವನು ಬಂದ. ಯಾರ ಮಕ್ಕಳು ಇವು ಅಂದ. ಕನಕಪ್ಪ ತನಗೆ ಗೊತ್ತಿಲ್ಲ ಅಂದ. ಐದೂ ಒಟ್ಟಿಗೆ, ಮೂರು "ಯಪ್ಪಾ" ಅಂತ, ಎರಡು "ಮಾಮಾ" ಅಂತ ಕೂಗಿದವು. ಆಮೇಲೆ ಬೇಲಿ ತನಕ ಎಲ್ಲರೂ ಓಡಿದರು.

ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಉಸಿರು ತಿರುಗಿಸಿಕೊಳ್ಳುತ್ತಿದ್ದಾಗ ಮಲ್ಲಟದ ಬಸ್ಸಿನಿಂದ ಒಬ್ಬ ಮುದುಕಿ ಇಳಿದಳು. ಹೆಸರು ಬೂದೆಮ್ಮ. ಹಣೆ ತುಂಬ ಕುಂಕುಮ, ಬಗಲಲ್ಲಿ ತುಂಬಿದ ಚೀಲ. ಜೊತೆಗೆ ಮೊಮ್ಮಗ ಹಂಪಣ್ಣ, ಗಂಜಿ ಹಾಕಿದ ಹೊಸ ಅಂಗಿಯೊಳಗೆ ರಟ್ಟಿನ ಗೊಂಬೆಯ ಹಾಗೆ ನಿಂತಿದ್ದ. ಹಿಂದೆ ಅವನ ಅಕ್ಕನ ಮೂರು ಮಕ್ಕಳು. ಬಿಟ್ಟುಬರುತ್ತೇವೆ ಅಂದಿದ್ದಕ್ಕೆ ಬಸ್ಸಿನ ಗಾಲಿಗೆ ಅಡ್ಡ ಮಲಗಿದ್ದವಂತೆ.

ಕನಕಪ್ಪ ಮರ್ಯಾದಸ್ಥ. ಹಿರಿಯರು ಎದುರಾದರೆ ಮಾತಾಡಿಸದೆ ಇರುವವನಲ್ಲ. "ಎಲ್ಲಿಗೆ ಹೊಂಟೀರಿ ಯವ್ವಾ?" ಅಂದ.

ಬೂದೆಮ್ಮ ಎತ್ತಿದ ಹೆಜ್ಜೆ ಕೆಳಗಿಟ್ಟು ಅಲ್ಲೇ ಕುಕ್ಕರಿಸಿದಳು. "ಕೇಳೇಬಿಟ್ಟೆಲ್ಲಪ್ಪಾ. ಚಲೋ ಕೆಲಸಕ್ಕ ಹೊಂಟೋರಿಗೆ ಎಲ್ಲಿಗೆ ಅಂತ ಕೇಳ್ತಾರೇನು ಯಾರಾದ್ರೂ? ಇನ್ನ ಏಳಂಗಿಲ್ಲ ನಾನು."

ಕನಕಪ್ಪ ನಾಲಿಗೆ ಕಚ್ಚಿಕೊಂಡ. ಅವನ ತಾಯಿಯದೂ ಇದೇ ಶಾಸ್ತ್ರ. ಕುರಿ ಸಂತೆಗೆ ಹೊರಟ ಅಪ್ಪನನ್ನು ಎಲ್ಲಿಗೆ ಅಂತ ಕೇಳಿ ಚಿಕ್ಕಂದಿನಲ್ಲಿ ಹೊಡೆತ ತಿಂದವನು ಅವನು. ಕೇಳಿದರೆ ಕೆಲಸ ಕೆಡುತ್ತದೆ, ಹೇಳಿದರೆ ಇನ್ನೂ ಕೆಡುತ್ತದೆ. ಕೂತು ನೀರು ಕುಡಿದು, ಒಂದಿಷ್ಟು ಹೊತ್ತು ಕಳೆದು, ಹೊಸದಾಗಿ ಹೊರಡಬೇಕು. ತಪ್ಪು ತನ್ನದು, ಪರಿಹಾರವೂ ತನ್ನದೇ ಅನ್ನಿಸಿತು ಅವನಿಗೆ. ಎಂಟೂ ಮಕ್ಕಳು ಆಗಲೇ ಒಂದಾಗಿ ಬೇವಿನ ಮರ ಹತ್ತಿದ್ದವು. ಸುಮ್ಮನೆ ಕೂಡುವ ಬದಲು ಊರು ತೋರಿಸುತ್ತೇನೆ, ಬನ್ನಿ, ಪೈಸಾ ಖರ್ಚಿಲ್ಲ ಅಂದ. ಸುತ್ತಾಡುವುದು ಹೊರಟಂತೆ ಅಲ್ಲ ಅಂತ ಬೂದೆಮ್ಮ ಲೆಕ್ಕ ಹಾಕಿ ಒಪ್ಪಿದಳು.

ಕೋಟೆಗೆ ಹೋದರು. ಗೋಡೆಯ ಉದ್ದ ಕಲ್ಲಿನ ಮೇಲೆ, ಆ ಕಲ್ಲನ್ನೇ ಎಳೆದು ತಂದ ಬಂಡಿಯ ಚಿತ್ರವಿದೆ. ಬಂಡಿ ಎಳೆದದ್ದು ಎತ್ತೋ ಕೋಣವೋ ಅಂತ ಎಂಟು ಮಕ್ಕಳಲ್ಲಿ ಜಗಳ ಹತ್ತಿತು. ಬಿಡಿಸಲು ಹೋದ ಹಂಪಣ್ಣನ ಅಂಗಿಯ ಎರಡು ಗುಂಡಿ ಹೋದವು. ಅವನಿಗೆ ಅದರ ಪರಿವೆಯೇ ಇಲ್ಲ. ಹುಟ್ಟಿದಾಗಿಂದ ಕುರಿ ಮತ್ತು ನೆಲ್ಲಿನ ಗದ್ದೆ ಬಿಟ್ಟು ಬೇರೆ ಕಂಡಿರದ ಪ್ರಾಣಿ, ಬಾಯಿ ತೆರೆದುಕೊಂಡು ಬುರುಜು ನೋಡುತ್ತಿತ್ತು. ಇನ್ನು ಹೊರಡೋಣ ಅಂತ ಬೂದೆಮ್ಮ ಎದ್ದದ್ದೇ ತಡ, ಸೋಡಾ ಮಾರುವವನು ಎಲ್ಲಿಗೆ ಹೊಂಟ್ರಿ ಅಮ್ಮಾ, ಸೋಡಾ ಕುಡಕೊಂಡು ಹೋಗ್ರಿ ಅಂದ. ಬೂದೆಮ್ಮ ಮತ್ತೆ ಕೂತಳು. ಆಗಲೇ ಹನ್ನೆರಡು ದಾಟಿತ್ತು, ಕಲ್ಲು ಕಾದು ಹಂಚಾಗಿತ್ತು.

ಆಮೇಲೆ ಮಾವಿನ ಮಂಡಿ. ಕೊಳ್ಳುವವರಿಗೆ ರುಚಿ ನೋಡಲು ಅಂತ ವ್ಯಾಪಾರಿಗಳು ಹೋಳು ಕೊಯ್ದು ಕೊಡುತ್ತಾರೆ. ಕನಕಪ್ಪ ಗಂಭೀರವಾಗಿ ಒಂದೊಂದೇ ಅಂಗಡಿ ಮುಂದೆ ನಿಂತು, ಹುಳಿ ಅದ ಅಂತ ಮುಖ ಸಿಂಡರಿಸಿ ಮುಂದೆ ಹೋಗುತ್ತಿದ್ದ. ಅವನ ಹಿಂದೆ ಎಂಟು ಮಕ್ಕಳು, ಒಬ್ಬ ಹಂಪಣ್ಣ ಮತ್ತು ಹಲ್ಲಿಲ್ಲದ ಬೂದೆಮ್ಮ ಅದೇ ಪರೀಕ್ಷೆ ಮಾಡುತ್ತಿದ್ದರು. ಏಳನೇ ಅಂಗಡಿಯ ವಲಿ ಪಾಷಾನ ಬುಟ್ಟಿಯಲ್ಲಿ ಬರೀ ಗೊರಟ ಉಳಿದಾಗ ಅವನು ತಕ್ಕಡಿ ಎತ್ತಿಕೊಂಡು ಎದ್ದ. "ತಿಂದು ಎಲ್ಲಿಗೆ ಹೊಂಟೀರಿ?" ಅಂತ ಕೂಗಿದ.

ಓಡಬೇಕಾದ ಹೊತ್ತಿನಲ್ಲಿ ಬೂದೆಮ್ಮ ಕೂತುಬಿಟ್ಟಳು. ಮೂರನೇ ಸಲ ಕೇಳಿದ್ದು ಅಂದಳು. ಕನಕಪ್ಪ ಮತ್ತು ಹಂಪಣ್ಣ ಆಕೆಯನ್ನು ಕೂತ ಭಂಗಿಯಲ್ಲೇ ಎತ್ತಿಕೊಂಡು ಓಡಿದರು.

ಟಾಕೀಸಿನ ಹಿಂದಿನ ಗಲ್ಲಿಯಲ್ಲಿ ನೆರಳಿತ್ತು. ಗೋಡೆಯಾಚೆ ಹೊಡೆದಾಟ ನಡೆದಿತ್ತು. ಹಂಪಣ್ಣ ಕಣ್ಣು ಮುಚ್ಚಿ, ಮುಷ್ಟಿ ಬಿಗಿಹಿಡಿದು ಇಡೀ ಸಿನಿಮಾ ಕೇಳಿದ. ಅದರಲ್ಲಿನ ತಾಯಿ ಸತ್ತಾಗ ಅತ್ತೂ ಬಿಟ್ಟ. ಅದು ಮುಗಿಯುವಷ್ಟರಲ್ಲಿ ನಾಲ್ಕೂವರೆ, ರಾಹುಕಾಲ ಹತ್ತಿತು, ಆರರ ತನಕ ಹೊರಡುವ ಮಾತೇ ಇಲ್ಲ. ಬೂದೆಮ್ಮ ಒರಗಿ ನಿದ್ದೆ ಹೋದಾಗ ಮಕ್ಕಳು ಆಕೆಯ ಚೀಲ ಬಿಚ್ಚಿ ಬಾಳೆಹಣ್ಣು, ಉತ್ತತ್ತಿ, ಕೊಬ್ಬರಿ ಮುಗಿಸಿದವು. ಉಳಿದದ್ದು ಹಸಿರು ಬಳೆ ಮತ್ತು ಒಂದು ಕುಪ್ಪಸದ ಬಟ್ಟೆ. ಅದನ್ನು ನೋಡಿಯೂ ಕನಕಪ್ಪನ ತಲೆಗೆ ಏನೂ ಹೊಳೆಯಲಿಲ್ಲ. ಮನೆ ಉಳಿಯಿತಲ್ಲ ಅನ್ನುವ ಸಂತೋಷದಲ್ಲಿದ್ದ.

ತೀನ್ ಕಂದೀಲ್ ಚೌಕದಲ್ಲಿ ದೀಪ ಹತ್ತಿದವು. ಕನಕಪ್ಪ ಕೈಮುಗಿದು, ನಮ್ಮ ದಾರಿ ಈ ಕಡೆ ಅಂದ. ನಮ್ಮದೂ ಈ ಕಡೆಯೇ ಅಂದಳು ಬೂದೆಮ್ಮ. ಮುಂದಿನ ತಿರುವಿನಲ್ಲಿ ಅವನು ಎಡಕ್ಕೆ ಹೊರಳಿದ, ಅವರೂ ಹೊರಳಿದರು. ಹಿಟ್ಟಿನ ಗಿರಣಿಯ ಹತ್ತಿರ ಬಲಕ್ಕೆ, ಅವರೂ ಬಲಕ್ಕೆ. ಓಣಿಯ ಬಾಯಿಗೆ ಬಂದಾಗ ಹಂಪಣ್ಣ ಜೇಬಿನಿಂದ ಚೀಟಿ ತೆಗೆದು ಓದಿದ. ಅದರಲ್ಲಿದ್ದದ್ದು ವಿರೂಪಣ್ಣನ ಹೆಸರು.

ವಿರೂಪಣ್ಣ ಬೆಳಗಿನ ಅದೇ ಜರಿ ಧೋತರದಲ್ಲಿ ಕಟ್ಟೆ ಮೇಲೆ ಕೂತಿದ್ದ. ಮುಖ ಹೋಳಿಗೆಯ ಹಾಗೆ ತಣ್ಣಗಾಗಿ ಗಟ್ಟಿಯಾಗಿತ್ತು. ಕನಕಪ್ಪನನ್ನು ನೋಡಿ, "ಐದು ಒಯ್ದು ಎಂಟು ತಂದೀ ಏನಲೇ?" ಅನ್ನುತ್ತ ಎದ್ದ. ಅಷ್ಟರಲ್ಲಿ ಬೂದೆಮ್ಮ ಮುಂದೆ ಬಂದು, ವಿರೂಪಣ್ಣನವರ ಮನಿ ಇದ ಏನ್ರಿ, ನಾವು ಮಲ್ಲಟದವರು ಅಂದಳು.

ಆಮೇಲಿನದು ಕನಕಪ್ಪನಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಗುಂಡಿ ಹೋದ, ಮಾವಿನ ರಸ ಬಳಿದ ಅಂಗಿಯಲ್ಲಿ ವರ ಒಳಗೆ ಹೋದ. ಹುಡುಗಿ ನಕ್ಕಳು. ವರನೂ ನಕ್ಕ. ಬೆಳಗಿನ ಹೋಳಿಗೆ ಬಿಸಿಯಾಗಿ ಬಂತು. ಕನಕಪ್ಪ ಹೊರಗೆ ಕಟ್ಟೆಯ ಮೇಲೆ ಕೂತು, ಹಾಸಿಗೆ ಯಾವುದರಲ್ಲಿ ಸುತ್ತುವುದು, ಪಾತ್ರೆ ಯಾವುದರಲ್ಲಿ ತುಂಬುವುದು ಅಂತ ಯೋಚಿಸುತ್ತಿದ್ದಾಗ ವಿರೂಪಣ್ಣ ಓಡಿ ಬಂದು ಅವನನ್ನು ತಬ್ಬಿಕೊಂಡ. ಕಣ್ಣಲ್ಲಿ ನೀರು.

"ಕೂಡಿ ಬಂತಲ್ಲೋ ಕನಕಪ್ಪ. ಬಾಡಗಿಯವನ ಇಂಥಾ ದೊಡ್ಡ ಮನಸಿನಾಂವ ಇದ್ದಮ್ಯಾಲ ಮಾಲಕರು ಇನ್ನೆಂಥವರಿರಬೇಕು ಅಂತ ಮುದುಕಿ ಒಪ್ಪಿದ್ಲು. ನೀನು ನನ್ನ ಹೊಟ್ಟ್ಯಾಗ ಹುಟ್ಟಬೇಕಿತ್ತು."

ಕನಕಪ್ಪನಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ನಾವು ಇಲ್ಲೇ ಇರಬಹುದಲ್ಲ ಅಂತ ಕೇಳಲು ಬಾಯಿ ತೆರೆದ. ವಿರೂಪಣ್ಣ ಬಿಡಲಿಲ್ಲ, ಹೇಳುತ್ತಲೇ ಹೋದ. ಒಬ್ಬಳೇ ಮಗಳನ್ನು ಹೊರಗೆ ಕಳಿಸಲು ಅವನಿಗೆ ಮನಸ್ಸಿರಲಿಲ್ಲ. ಮನೆಯಳಿಯನಾಗಿ ಊರು ಬಿಟ್ಟು ಬರಲು ಈ ಹಂಪಣ್ಣ ಹಿಂದೆ ಎರಡು ಸಂಬಂಧಗಳಿಗೆ ಒಲ್ಲೆ ಅಂದಿದ್ದನಂತೆ. ಇವತ್ತು ತಾನಾಗಿಯೇ ಬಾಯಿಬಿಟ್ಟು, ಇರುವುದಾದರೆ ರಾಯಚೂರಿನಲ್ಲೇ ಇರುತ್ತೇನೆ, ಇಷ್ಟೆಲ್ಲ ಪುಕ್ಕಟ ಸಿಗುವ ಊರು ಬಿಟ್ಟು ಮಲ್ಲಟಕ್ಕೆ ಹೋಗಲಾರೆ ಅಂದನಂತೆ.

"ಎಲ್ಲಾ ನಿನ್ನ ಪುಣ್ಯ," ಅಂದ ವಿರೂಪಣ್ಣ, ಕನಕಪ್ಪನ ಬಾಯಿಗೆ ತನ್ನ ಕೈಯಿಂದಲೇ ಹೋಳಿಗೆ ತುರುಕುತ್ತ. "ಅವರಿಬ್ಬರಿಗೆ ನಿನ್ನ ಎರಡು ಖೋಲಿ ಕೊಡಾಕತ್ತೀನಿ. ಸೋಮವಾರ ಅಂದಿದ್ದೆ, ಈಗ ನೀನು ಮನಿ ಮಗ ಇದ್ದಂಗ. ಸಾವಕಾಶ, ಶುಕ್ರವಾರ ಖಾಲಿ ಮಾಡು."

ಮರುದಿನ ಸಂಜೆ ಆಫೀಸಿನಿಂದ ಬಂದವನೇ ಕನಕಪ್ಪ ಐದೂ ಮಕ್ಕಳನ್ನು ಮತ್ತು ಕರೆಮ್ಮನನ್ನು ಕರೆದುಕೊಂಡು ಮನೆ ಹುಡುಕಲು ಹೊರಟ. ಒಂಬತ್ತು ಬಾಗಿಲು ತಟ್ಟಿದರು. ಒಂಬತ್ತೂ ಕಡೆ ತಲೆ ಎಣಿಸಿ, ಮುಖ ಬಾಡಿಸಿಕೊಂಡು, ಬರಿಗೈಲಿ ಕಳಿಸಬಾರದೆಂದು ಮಕ್ಕಳ ಕೈಗೆ ಬೆಲ್ಲವೋ ಶೇಂಗಾವೋ ಇಟ್ಟು ಬಾಗಿಲು ಹಾಕಿಕೊಂಡರು. ಹತ್ತನೇ ಬಾಗಿಲೂ ಮುಚ್ಚಿದಾಗ ಕಿರಿಯ ಮಗ ಬೆಲ್ಲದ ಬೆರಳು ಚೀಪುತ್ತ ಅಪ್ಪನ ಕೈ ಹಿಡಿದ.

"ಯಪ್ಪಾ, ಕೋಟಿಗಿಂತ, ಮಾವಿನ ಮಂಡಿಗಿಂತ ಇದ ಚಲೋ ಅದ. ದಿನಾ ಬರೂನು."